ಹುಣಸೆ ಬೀಜದ ಕಾಲುವೆ: 2050ರ ಆಟ ಆಡಿಸಿದೆವು, ಮೂರನೇ ಸುತ್ತಿಗೇ ನಿಂತಿತು

ಕಾರಟಗಿ ಕಟ್ಟೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಸ್ಸಿನಲ್ಲಿ ಕೂತಾಗ ಓದಿಕೊಳ್ಳಿ.

ಹೋದ ಭಾನುವಾರ ಕಾರಟಗಿ ಹತ್ತಿರದ ಒಂದು ಹಳ್ಳಿಯ ಗುಡಿ ಕಟ್ಟೆ ಮೇಲೆ ರೈತರಿಗೆ ಕಾರ್ಯಾಗಾರ ಮಾಡಿದೆವು. ವಿಷಯ, ಇನ್ನು 25 ವರ್ಷಕ್ಕೆ ನಮ್ಮ ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ಹೇಗಿರುತ್ತದೆ ಅನ್ನುವುದು. ಇದನ್ನು ನೇರವಾಗಿ ಕೇಳಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು, ಮೂರು ವರ್ಷದಿಂದ ಕೇಳುತ್ತಲೇ ಇದ್ದೇನೆ. ಮೈಕ್ ಸಿಕ್ಕ ಇಬ್ಬರು ಸರ್ಕಾರವನ್ನು ಬೈಯುತ್ತಾರೆ. ಒಬ್ಬರು "ಎಲ್ಲಾ ಆ ಶಿವನ ಇಚ್ಛೆ" ಅಂತಾರೆ. ಉಳಿದವರು ಊಟದ ಪಾತ್ರೆ ಕಡೆ ನೋಡುತ್ತಿರುತ್ತಾರೆ. ಅದಕ್ಕೇ ಈ ಸಲ ಮೈಕ್ ಬಿಟ್ಟು ಆಟ ಆಡಿಸಿದೆವು.

ಸೀಮೆಸುಣ್ಣದಲ್ಲಿ ಕಟ್ಟೆ ಮೇಲೆ ಉದ್ದಕ್ಕೆ ಒಂದು ಕಾಲುವೆ ಗೀಚಿದೆವು. ಅದರ ಬದಿಗೆ ಆರು ಮನೆ. ಒಂದನೆಯದು ತೂಬಿನ ಪಕ್ಕ, ಆರನೆಯದು ಕೊನೆ ಭಾಗ. ಮೇಲೆ ಒಂದು ಗಡಿಗೆ, ಅದೇ ಡ್ಯಾಂ. ಗಡಿಗೆಯಲ್ಲಿ 24 ಹುಣಸೆ ಬೀಜ, ಅದೇ ನೀರು. ಭತ್ತ ಹಾಕಿದರೆ 5 ಬೀಜ ಬೇಕು, 6 ಕವಡೆ ಬರುತ್ತದೆ. ಜೋಳವೋ ತೊಗರಿಯೋ ಹಾಕಿದರೆ 2 ಬೀಜ ಸಾಕು, 3 ಕವಡೆ ಬರುತ್ತದೆ. ನೀರು ಎತ್ತುವ ಸರದಿ ಒಂದನೇ ಮನೆಯಿಂದ ಕೆಳಕ್ಕೆ. ಒಂದು ಸುತ್ತು ಅಂದರೆ ಐದು ವರ್ಷ. ಪ್ರತಿ ಸುತ್ತಿಗೂ ಗಡಿಗೆ ಮತ್ತೆ ತುಂಬುತ್ತದೆ, ಆದರೆ ಹೂಳಿನ ಲೆಕ್ಕಕ್ಕೆ ಒಂದು ಬೀಜ ಕಮ್ಮಿ.

ಯಾರು ಎಲ್ಲಿ ಕೂರಬೇಕು ಅಂತ ಚೀಟಿ ಎತ್ತಿಸಿದೆವು. ನಿಜವಾಗಿ ತೂಬಿನ ಪಕ್ಕವೇ ಗದ್ದೆ ಇರುವ ಯಜಮಾನರೊಬ್ಬರಿಗೆ ಆರನೇ ಮನೆ ಬಂತು. ಊರವರೆಲ್ಲ ನಕ್ಕರು. ಅವರೂ ನಕ್ಕರು.

ಮೊದಲ ಸುತ್ತು ಸಲೀಸು. ಮೇಲಿನ ನಾಲ್ಕು ಮನೆ ಭತ್ತ, ಕೆಳಗಿನ ಎರಡು ಜೋಳ, ಗಡಿಗೆ ಖಾಲಿ. ಎರಡನೇ ಸುತ್ತಿಗೆ 23 ಬೀಜ. ಮೇಲಿನವರು 20 ಎತ್ತಿದರು, ಐದನೆಯವರು 2, ಯಜಮಾನರಿಗೆ ಉಳಿದದ್ದು ಒಂದು. ಒಂದು ಬೀಜಕ್ಕೆ ಯಾವ ಬೆಳೆಯೂ ಇಲ್ಲ, ಹೊಲ ಬೀಳು. ಮೂರನೇ ಸುತ್ತಿಗೆ 22. ಈ ಸಲ ಅವರಿಗೆ ಒಂದೂ ಇಲ್ಲ. ನಾನು ಕವಡೆ ಎಣಿಸುತ್ತಾ ಕೂತಿದ್ದಾಗ, ಮುಂದಿನ ಸುತ್ತಿಗೆ ಅಂತ ಎತ್ತಿಟ್ಟಿದ್ದ ಬೀಜದಲ್ಲಿ ಅವರು ಎರಡನ್ನು ಮೆಲ್ಲಗೆ ತಮ್ಮ ಮನೆಗೆ ಸರಿಸಿಕೊಂಡರು! ಪಕ್ಕದಲ್ಲಿ ನಿಂತಿದ್ದ ಹುಡುಗ ನೋಡಿ ಕೂಗಿಬಿಟ್ಟ.

ಮೊದಲು ಜೋರು ನಗು. ಆಮೇಲೆ ಹಿಂದೆ ಕಂಬಕ್ಕೆ ಒರಗಿದ್ದ ಮುದುಕರೊಬ್ಬರು, "ಮ್ಯಾಲಿನವ್ರು ಎತ್ತಿದ್ರ ಪಂಪ್‌ಸೆಟ್, ಕೆಳಗಿನವ್ರು ಎತ್ತಿದ್ರ ಕಳ್ಳತನ ಏನ್ರಿ?" ಅಂದರು. ಅಲ್ಲಿಗೆ ನಗು ನಿಂತಿತು. ನಾಲ್ಕನೇ ಸುತ್ತು ಆಡಲೇ ಇಲ್ಲ. ಒಂದೂವರೆ ಗಂಟೆ ಮಾತೇ ಮಾತು. ಕಾಲುವೆಗೆ ಪೈಪ್ ಇಳಿಸಿದವರು ಯಾರು, ಯಾಕೆ ಇಳಿಸಿದರು, ಇನ್ನು ಹತ್ತು ವರ್ಷಕ್ಕೆ ಎಷ್ಟು ಪೈಪ್ ಆಗುತ್ತವೆ, ಎಲ್ಲವೂ ಬಂತು. ಊಟ ತಣ್ಣಗಾಯಿತು.

ನನ್ನ ಪ್ರಶ್ನೆ ಇಷ್ಟೇ. ಆಟ ಹೀಗೆ ಮುರಿದರೆ ರೂಲ್ ಹೇಳಿ ಸರಿ ಮಾಡಿ ಮುಂದುವರಿಸಬೇಕಾ, ಸುಮ್ನೆ ಬಿಡಬೇಕಾ? ನಾನು ಬಿಟ್ಟೆ. ಜೊತೆಗಿದ್ದ ಗೆಳೆಯರಿಗೆ 2050 ಮುಟ್ಟಲಿಲ್ಲ ಅಂತ ಬೇಜಾರು.


ಹಂಪಿ ಕಲ್ಲು:

ಬಿಟ್ಟದ್ದೇ ಸರಿ ಅಣ್ಣಾ. ಒಂದು ಪಕ್ಕದ ಮಾತು: ಹಂಪಿಗೆ ಹೋದಾಗ ಮಂಟಪಗಳ ಕಲ್ಲುಹಾಸು ನೋಡಿ. ಹುಲಿ-ಕುರಿ ಆಟದ ಮನೆ, ಅಳಗುಳಿ ಗುಳಿ ಎಲ್ಲಾ ಕೊರೆದಿದ್ದಾರೆ. ಗುಡಿ ಕಟ್ಟೆ ಮೇಲೆ ಆಟ ಆಡಿಸೋದು ನಿಮ್ಮಿಂದ ಶುರುವಾದದ್ದಲ್ಲ. ಹುಲಿ-ಕುರಿ ನಿಮ್ಮ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಹುಲಿ ಕೆಲವೇ, ಕುರಿ ಜಾಸ್ತಿ, ಇಬ್ಬರಿಗೂ ರೂಲ್ ಬೇರೆ ಬೇರೆ. ಒಂಟಿ ಕುರಿ ಹೋಯಿತು ಅಂತಲೇ ಲೆಕ್ಕ. ಸಾಲು ಬಿಡದೆ ನಿಂತರೆ ಹುಲಿಗೆ ದಾರಿ ಇಲ್ಲ. ನಿಮ್ಮ ಐದು, ಆರನೇ ಮನೆಯವರಿಗೆ ಒಟ್ಟಿಗೆ ನಿಲ್ಲೋಕೆ ಏನಾದರೂ ಅವಕಾಶ ಇಟ್ಟಿದ್ದೀರಾ?


ಮೈಲ್ 104:

ಎಲ್ಲರೂ ಹೊಗಳುವ ಮೊದಲು ನಾನು ಸ್ವಲ್ಪ ಬೈದುಬಿಡುತ್ತೇನೆ. ಬೇಜಾರು ಮಾಡ್ಕೋಬೇಡಿ.

ನಾನು ಕೊನೆ ಭಾಗದವನು. ಹೆಸರು ನೋಡಿದರೆ ಗೊತ್ತಾಗುತ್ತದೆ, ಕಾಲುವೆಯ 104ನೇ ಮೈಲಿ. ಡ್ಯಾಮಿನಲ್ಲಿ ನೀರು ಬಿಟ್ಟರು ಅಂತ ಪೇಪರಿನಲ್ಲಿ ಓದುತ್ತೇವೆ, ಕಾಲುವೆಯಲ್ಲಿ ನೋಡೋದು ಆಮೇಲೆ. ಗೇಜ್ ನಿಲ್ಲಿಸಿ, ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ ಕಾಯ್ದುಕೊಳ್ಳಿ ಅಂತ ರಸ್ತೆ ಮೇಲೆ ಕೂರುವುದು ನಮ್ಮಲ್ಲಿ ಹಬ್ಬದ ಹಾಗೆ, ವರ್ಷಕ್ಕೊಂದು ಸಲ ಬರುತ್ತದೆ.

ಕೆಲವು ವರ್ಷದ ಹಿಂದೆ ನಮ್ಮೂರಿಗೂ ಒಂದು ಸಂಸ್ಥೆಯವರು ಬಂದಿದ್ದರು. "ಕನಸಿನ ಊರು" ಅಂತ ದೊಡ್ಡ ಚಾರ್ಟ್, ಬಣ್ಣದ ಚೀಟಿ, ಉಪ್ಪಿಟ್ಟು, ಚಹಾ. ನಾವು "ನೀರು" ಅಂತ ಹನ್ನೆರಡು ಚೀಟಿ ಅಂಟಿಸಿದೆವು. ಫೋಟೋ ತೆಗೆದರು, ಹೋದರು. ಆ ಚಾರ್ಟ್ ಈಗ ಸಮುದಾಯ ಭವನದ ಕಿಟಕಿಗಿದೆ, ಮಧ್ಯಾಹ್ನದ ಬಿಸಿಲು ಚೆನ್ನಾಗಿ ತಡೆಯುತ್ತದೆ.

ನಿಮ್ಮ ಆಟದಲ್ಲಿ ಚೀಟಿ ಎತ್ತಿದರೆ ಜಾಗ ಬದಲಾಗುತ್ತದೆ. ನಮ್ಮ ಕಾಲುವೆಯಲ್ಲಿ ಚೀಟಿ ಯಾರ ಕೈಯಲ್ಲಿದೆ? ಆ ಯಜಮಾನರು ಸಂಜೆ ಮನೆಗೆ ಹೋಗಿ ತೂಬಿನ ಪಕ್ಕದ ಗದ್ದೆಯಲ್ಲೇ ನಿಂತಿರುತ್ತಾರೆ ಅಲ್ವಾ?


ಕಾರಟಗಿ ಕಟ್ಟೆ:

ನಿಜ ಸರ್. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮುಂದಿನ ಸಲ ನೀವೇ ಬನ್ನಿ. ಉಪ್ಪಿಟ್ಟು ಇರುವುದಿಲ್ಲ, ಜೋಳದ ರೊಟ್ಟಿ ಇರುತ್ತದೆ.


ಗೇಜ್ ನೋಡಿದವನು:

ನೀರಾವರಿ ಕಡೆ ಕೆಲಸ ಮಾಡಿ ನಿವೃತ್ತನಾದವನು ನಾನು. ಆಟ ಓದಿ ಖುಷಿಯಾಯಿತು. ಆದರೆ ಹೂಳಿನ ಲೆಕ್ಕ ತಪ್ಪಿದೆ.

ಡ್ಯಾಂ 1953ರಲ್ಲಿ ಮುಗಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗಿನ ಲೆಕ್ಕ 105.788. ಅಂದರೆ 70 ವರ್ಷದಲ್ಲಿ ಐದರಲ್ಲಿ ಒಂದು ಪಾಲು ಹೂಳಿಗೆ ಹೋಗಿದೆ. ನಿಮ್ಮ ಗಡಿಗೆ 24ರಿಂದ ಶುರುವಾಗಿ ಐದನೇ ಸುತ್ತಿಗೆ 20 ಆಗುತ್ತದೆ. ಇಪ್ಪತ್ತೇ ವರ್ಷಕ್ಕೆ ಆರರಲ್ಲಿ ಒಂದು ಪಾಲು ಹೋಯಿತು. ನಿಜಕ್ಕಿಂತ ಸುಮಾರು ಮೂರು ಪಟ್ಟು ಜೋರು. ರೈತರ ಮುಂದೆ ಭವಿಷ್ಯ ತೋರಿಸುವಾಗ ಹೆದರಿಸಬಾರದು.

ಇನ್ನೊಂದು ಮಾತು. ಕಾಲುವೆಯ ಉದ್ದ ಸುಮಾರು 226 ಕಿಲೋಮೀಟರ್, ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಇಷ್ಟು ದೂರ ಎಳೆದದ್ದೇ ಬರದ ನಾಡಿಗೆ ತೆಳ್ಳಗೆ ನೀರು ಹರಡೋಣ ಅಂತ. ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆ ನೆಚ್ಚಿ ಮಾಡಿದ ಯೋಜನೆ ಅದು. ಮೇಲೆ ಭತ್ತ ಬಂತು, ಕೆಳಗೆ ಒಣಗಿತು. ಹೂಳಿಲ್ಲದಿದ್ದರೂ ನಿಮ್ಮ ಆರನೇ ಮನೆಗೆ ಕಷ್ಟವೇ. ಆಟದಲ್ಲಿ ಎಲ್ಲಾ ತಪ್ಪನ್ನೂ ಹೂಳಿನ ತಲೆಗೆ ಕಟ್ಟಿದರೆ ಮೇಲಿನ ನಾಲ್ಕು ಮನೆ ಸಲೀಸಾಗಿ ತಪ್ಪಿಸಿಕೊಳ್ಳುತ್ತವೆ.


ಕಾರಟಗಿ ಕಟ್ಟೆ:

ಸರ್, ಕೊನೆಯ ಮಾತು ಒಪ್ಪಿದೆ. ಇನ್ನು ಮೇಲೆ ಎರಡು ಸುತ್ತಿಗೆ ಒಂದು ಬೀಜ ತೆಗೆಯುತ್ತೇವೆ.

ಆದರೆ ಹೆದರಿಸುವ ಬಗ್ಗೆ ಒಂದು ಮಾತಿದೆ. ಆಟದಲ್ಲಿ ಜಾಗದ ಚೀಟಿ ಅಲ್ಲದೆ ಆಕಸ್ಮಿಕದ ಚೀಟಿಗಳೂ ಇವೆ. ಅದರಲ್ಲಿ "ಗೇಟ್ ಕೊಚ್ಚಿಹೋಯಿತು" ಅಂತ ಒಂದು ಇದೆ, ಅವತ್ತು ಅದು ಬರಲಿಲ್ಲ. 2023ರಲ್ಲಿ ಯಾರಾದರೂ ಆ ಚೀಟಿ ಇಟ್ಟಿದ್ದರೆ ನೀವೇ ಮೊದಲು ನಗುತ್ತಿದ್ದಿರಿ. 33 ಗೇಟು, 70 ವರ್ಷ, ಏನೂ ಆಗಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಯಿತು. ತುಂಬಿದ ಡ್ಯಾಂ. ಒತ್ತಡ ಇಳಿಸೋಕೆ ಬೇರೆ ಗೇಟುಗಳನ್ನೂ ತೆರೆದರು. ನಾಟಿ ಮಾಡಿದ ಗದ್ದೆ ನೋಡಿಕೊಂಡು ನಾವು ಒಂದು ವಾರ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ತಾತ್ಕಾಲಿಕ ಅಡ್ಡಗೇಟು, ಇಳಿಸುವ ತನಕ ಜೀವ ಕೈಯಲ್ಲಿತ್ತು. ಅದಕ್ಕೇ ಆಗಲಾರದು ಅನ್ನಿಸುವ ಒಂದೆರಡು ಚೀಟಿ ಇರಲಿ ಅಂತ ನನ್ನ ಹಟ.


ಗೇಜ್ ನೋಡಿದವನು:

ಆ ಚೀಟಿ ಇರಲಿ. ನಗುತ್ತಿದ್ದೆ, ನಿಜ.


ಬಳ್ಳಾರಿ ಮೇಷ್ಟ್ರು:

ನಾನು ಹೈಸ್ಕೂಲು ಮಕ್ಕಳಿಗೆ ಇಂಥದ್ದೇ ಮಾಡಿಸಿದ್ದೇನೆ. ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಗೆದ್ದವರಿಗೆ ಜಾಮೆಟ್ರಿ ಬಾಕ್ಸ್ ಕೊಡುತ್ತೇನೆ ಅಂದುಬಿಟ್ಟೆ. ಮುಗಿಯಿತು! ಮಕ್ಕಳು ಭವಿಷ್ಯ ಮರೆತು ಬಾಕ್ಸ್ ಹಿಂದೆ ಬಿದ್ದರು. ಬಹುಮಾನ ಮಾತ್ರ ಬೇಡ.

ನನ್ನ ಆಟ ಸಂಡೂರಿನ ಅದಿರಿನದು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಈ ಮಕ್ಕಳಲ್ಲಿ ಕೆಲವರು ತೊಟ್ಟಿಲಲ್ಲಿದ್ದರು, ಕೆಲವರು ಹುಟ್ಟಿರಲೇ ಇಲ್ಲ. ಅಪ್ಪನ ಲಾರಿ ಯಾಕೆ ಮಾರಿಹೋಯಿತು ಅನ್ನೋದು ಮಾತ್ರ ಮನೆಯಲ್ಲಿ ಕೇಳಿದ್ದಾರೆ. ಗುಡ್ಡದ ಅದಿರು ಮುಗಿದ ಮೇಲೆ ಏನು ಅಂತ ಕೇಳಿದೆ. ಎಲ್ಲರೂ ಸುಮ್ಮನೆ ಕೂತರು. ಆಗ ಇನ್ನೊಂದು ದಾರಿ ಹಿಡಿದೆ. ಸ್ಟುವರ್ಟ್ ಕ್ಯಾಂಡಿ, ಜೆಫ್ ವಾಟ್ಸನ್ ಅನ್ನುವವರು 2014ರ ಹೊತ್ತಿಗೆ ಒಂದು ಇಸ್ಪೀಟಿನಂಥ ಆಟ ಮಾಡಿದ್ದಾರೆ. ಎಲೆಗಳನ್ನು ಜೋಡಿಸಿ, ಮುಂದಿನ ಕಾಲದ ಒಂದೇ ಒಂದು ವಸ್ತುವನ್ನು ಊಹಿಸಬೇಕು. ಇಡೀ ಭವಿಷ್ಯ ಬೇಡ, ಒಂದು ವಸ್ತು ಸಾಕು. ನಾನು ಹಳೇ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ನಮ್ಮದೇ ಎಲೆ ಮಾಡಿದೆ: 2050, ಬಳ್ಳಾರಿ ಜೀನ್ಸ್, ಬೋರ್ಡು. ಒಬ್ಬ ಹುಡುಗಿ ಬರೆದದ್ದು ನೋಡಿ: "ಇಲ್ಲಿ ಒಂದು ಹನಿ ನೀರಿಲ್ಲದೆ ತೊಳೆದ ಪ್ಯಾಂಟ್ ಸಿಗುತ್ತದೆ. ತೊಳೆದವರಿಗೆ ಕೈ ಉರಿ ಇಲ್ಲ." ಅವಳ ಅಮ್ಮ ಜೀನ್ಸ್ ವಾಷಿಂಗ್ ಯೂನಿಟ್ಟಿಗೆ ಹೋಗುತ್ತಾರೆ. ನಾನು ಆಮೇಲೆ ಮಾತಾಡಲಿಲ್ಲ, ಮಕ್ಕಳೇ ಮಾತಾಡಿದರು.

ಇನ್ನು ನಿಮ್ಮ ಆಟದ ಬಗ್ಗೆ. ಭತ್ತಕ್ಕೆ 6, ಜೋಳಕ್ಕೆ 3 ಅಂತ ಯಾರು ಇಟ್ಟದ್ದು? ಅಲ್ಲೇ ಅರ್ಧ ಭವಿಷ್ಯ ತೀರ್ಮಾನ ಆಗಿಬಿಟ್ಟಿದೆ. ಅಮೆರಿಕದಲ್ಲಿ ಎಲಿಜಬೆತ್ ಮ್ಯಾಗಿ ಅನ್ನುವ ಹೆಣ್ಣುಮಗಳು ಜಮೀನ್ದಾರರ ಆಟವೊಂದನ್ನು ಮಾಡಿ 1904ರಲ್ಲಿ ಪೇಟೆಂಟ್ ತಗೊಂಡರು. ಜಮೀನು ಕೆಲವರ ಕೈ ಸೇರಿದರೆ ಉಳಿದವರಿಗೆ ಏನಾಗುತ್ತದೆ ಅಂತ ತೋರಿಸುವುದು ಉದ್ದೇಶ. ಆಮೇಲೆ ಅದಕ್ಕೆ ಎರಡು ಥರ ರೂಲ್ ಇಟ್ಟರು. ಒಂದರಲ್ಲಿ ಒಬ್ಬ ಎಲ್ಲರನ್ನೂ ನುಂಗುತ್ತಾನೆ, ಇನ್ನೊಂದರಲ್ಲಿ ಒಬ್ಬ ಗಳಿಸಿದರೆ ಎಲ್ಲರಿಗೂ ಪಾಲು. ಅದೇ ಆಟದ ಬಳ್ಳಿಯಲ್ಲಿ 1935ರಲ್ಲಿ ಕಂಪನಿಯೊಂದು ಮೊನೊಪಲಿ ಅಂತ ಮಾರಿತು. ಆಕೆಗೆ ಸಿಕ್ಕಿದ್ದು 500 ಡಾಲರ್. ಜಗತ್ತಿನಲ್ಲಿ ಉಳಿದದ್ದು ನುಂಗುವ ರೂಲ್ ಮಾತ್ರ. ಮಕ್ಕಳಿಗೆ ಈ ಕಥೆ ಹೇಳಿದರೆ, ರೂಲ್ ಬದಲಿಸುವ ಧೈರ್ಯ ತಾನಾಗಿ ಬರುತ್ತದೆ.


ಸಿಂಧನೂರು ಅಕ್ಕ:

ಎಲ್ಲಾ ಓದಿದೆ. ಆರು ಮನೆಯಲ್ಲಿ ಹೆಂಗಸರು ಎಷ್ಟು ಮಂದಿ ಕೂತಿದ್ದರು?


ಕಾರಟಗಿ ಕಟ್ಟೆ:

ಅಕ್ಕಾ, ಒಬ್ಬರೂ ಇಲ್ಲ. ಹಿಂದೆ ನಿಂತಿದ್ದರು.


ಸಿಂಧನೂರು ಅಕ್ಕ:

ಅಂದುಕೊಂಡೆ. ಪಹಣಿಯಲ್ಲಿ ಹೆಸರಿದ್ದವರಿಗಷ್ಟೇ ಮನೆ ಕೊಟ್ಟಿದ್ದೀರಿ, ಕಾಯಿಯೂ ಅವರದೇ. ಭತ್ತ ನೆಡುವವರು ಯಾರು? ಬಗ್ಗಿ ಬಗ್ಗಿ ಸೊಂಟ ಹೋದವರು ಯಾರು? ಅವರಿಗೆ ನಿಮ್ಮ ಕಟ್ಟೆ ಮೇಲೆ ಒಂದು ಹುಣಸೆ ಬೀಜವೂ ಇಲ್ಲ.

ನಾನು ಸಂಘದ ಹೆಂಗಸರ ಜೊತೆ ಕೆಲಸ ಮಾಡುತ್ತೇನೆ. ಅರ್ಧಕ್ಕರ್ಧ ಜನಕ್ಕೆ ಜಮೀನಿಲ್ಲ. ಏಳನೇ ಜಾಗ ಒಂದು ಮಾಡಿ. ಹೊಲ ಇಲ್ಲದ ಜಾಗ. ಭತ್ತ ಹಾಕಿದ ಪ್ರತಿ ಮನೆಯವರು ಅವರಿಗೆ ಒಂದು ಕವಡೆ ಕೊಡಬೇಕು, ನಾಟಿ ಕೂಲಿ ಅಂತ. ಜೋಳ ಹಾಕಿದವರು ಕೊಡೋದು ಬೇಡ, ಅಲ್ಲಿ ಕೂಲಿ ಕಮ್ಮಿ. ಆಗ ನೋಡಿ ಮಜಾ. "ನೀರು ಉಳಿಸಿ, ಭತ್ತ ಬಿಡಿ" ಅಂತ ನೀವೆಲ್ಲ ಒಳ್ಳೆಯವರು ಹೇಳಿದ ಕೂಡಲೇ ಆ ಹೆಣ್ಣುಮಗಳ ಮುಖ ಹೇಗಾಗುತ್ತದೆ ಅಂತ.


ಮಸ್ಕಿ ಹುಡುಗ, ಸದ್ಯ ಬೆಂಗಳೂರು:

ನನ್ನದೊಂದು ಸಣ್ಣ ಡೌಟು. ಆರನೇ ಮನೆಯವರು ಎರಡು ಸಲ ಹೊಲ ಬೀಳು ಬಿಟ್ಟ ಮೇಲೂ ಕಟ್ಟೆ ಮೇಲೆ ಕೂತೇ ಇದ್ದರಾ? ನಮ್ಮ ಮನೆಯವರು ಒಂದೇ ಸಲಕ್ಕೆ ಬೆಂಗಳೂರು ಬಸ್ ಹತ್ತಿದರು. ನಿಮ್ಮ ಆಟದಲ್ಲಿ ಬಸ್ ಸ್ಟ್ಯಾಂಡ್ ಇಲ್ಲ.


ಕಾರಟಗಿ ಕಟ್ಟೆ:

ಏಳನೇ ಜಾಗ, ಬಸ್ ಸ್ಟ್ಯಾಂಡ್, ಎರಡೂ ಬರೆದುಕೊಂಡೆ. ಗುಳೆ ಹೋದರೆ ಆ ಸುತ್ತಿಗೆ 2 ಕವಡೆ ಖಾತ್ರಿ, ಆದರೆ ಊರಿನ ತೀರ್ಮಾನದಲ್ಲಿ ಮಾತಿಲ್ಲ ಅಂತ ಇಟ್ಟರೆ ಹೇಗೆ ತಮ್ಮಾ?


ಮಸ್ಕಿ ಹುಡುಗ, ಸದ್ಯ ಬೆಂಗಳೂರು:

ಸರಿ ಇದೆ ಸರ್. ವೋಟಿಗೆ ಮಾತ್ರ ಬಸ್ ಚಾರ್ಜ್ ಕೊಟ್ಟು ಕರೆಸುತ್ತಾರೆ, ಅದನ್ನೂ ಸೇರಿಸಿ.


ಗೇಜ್ ನೋಡಿದವನು:

ಆಟ ಮುಗಿದ ಮೇಲಿನ ಮಾತಿನ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಆಂಧ್ರದ ಹಳ್ಳಿಗಳಲ್ಲಿ ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಅನ್ನುವ ಸಂಸ್ಥೆಯವರು ಅಂತರ್ಜಲದ ಮೇಲೆ ಇಂಥ ಆಟ ಆಡಿಸಿದ್ದಾರೆ. ಯಾವ ಬೆಳೆ ಅಂತ ಒಬ್ಬೊಬ್ಬರೇ ಆರಿಸುವುದು, ಎಲ್ಲರ ಆಯ್ಕೆ ಸೇರಿ ಭೂಮಿಯೊಳಗಿನ ನೀರು ಎಷ್ಟು ಇಳಿಯಿತು ಅಂತ ನೋಡುವುದು. ಅವರು ಅಲ್ಲಿಗೇ ಬಿಡುವುದಿಲ್ಲ. ಆಟ ಮುಗಿದ ಮೇಲೆ ಇಡೀ ಊರನ್ನು ಕೂರಿಸಿ ಮಾತಾಡಿಸುತ್ತಾರೆ. ಬೋರ್‌ವೆಲ್ ನೀರು ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ಆಟಕ್ಕೆ ಬೆಲೆ ಜಾಸ್ತಿ. ನಮ್ಮ ಕಾಲುವೆ ನೀರು ಎಲ್ಲರಿಗೂ ಕಾಣುತ್ತದೆ. ಯಾರು ಎತ್ತಿದರು ಅನ್ನೋದೂ ಕಾಣುತ್ತದೆ. ಹೇಳಲು ಬಾಯಿ ಬರುವುದಿಲ್ಲ, ಅಷ್ಟೇ. ನಿಮ್ಮ ಆಟ ಆ ಬಾಯಿ ತೆರೆಸಿತು.

ಒಂದು ಸಲಹೆ. ಹಾಲಿ ಅಧಿಕಾರಿಗಳನ್ನು ಕರೆಯಬೇಡಿ. ನಾನು ಅಧಿಕಾರಿಯಾಗಿದ್ದವನೇ ಹೇಳುತ್ತಿದ್ದೇನೆ. ಅವರು ಕೂತ ಕೂಡಲೇ ಆಟ ನಿಂತು ಮನವಿ ಪತ್ರ ಶುರುವಾಗುತ್ತದೆ.


ಬಳ್ಳಾರಿ ಮೇಷ್ಟ್ರು:

ಮಾತಿನ ವಿಷಯಕ್ಕೆ ಒಂದು: "ಇದರಿಂದ ಏನು ಕಲಿತಿರಿ?" ಅಂತ ಮಾತ್ರ ಕೇಳಬೇಡಿ. ಮಕ್ಕಳಾದರೆ "ನೀರು ಉಳಿಸಬೇಕು ಸರ್" ಅಂತಾರೆ, ದೊಡ್ಡವರೂ ಅದನ್ನೇ ಅಂತಾರೆ. "ಯಾವ ಸುತ್ತಿನಲ್ಲಿ ನಿಮಗೆ ಸಿಟ್ಟು ಬಂತು? ಯಾರ ಮೇಲೆ?" ಅಂತ ಕೇಳಿ ನೋಡಿ.


ಮೈಲ್ 104:

ನಿನ್ನೆ ಎರಡನೇ ಆಟಕ್ಕೆ ಹೋಗಿದ್ದೆ. ರೊಟ್ಟಿ, ಶೇಂಗಾ ಚಟ್ನಿ ಚೆನ್ನಾಗಿತ್ತು. ಉಳಿದದ್ದನ್ನೂ ಹೇಳಿಬಿಡುತ್ತೇನೆ, ಬೇರೆಯವರು ಹೇಳುವ ಮೊದಲು.

ಚೀಟಿಯಲ್ಲಿ ನನಗೆ ಒಂದನೇ ಮನೆ ಬಂತು. ಮೊದಲ ಸುತ್ತಿಗೇ ಜೋಳ ಹಾಕಿ ಎಲ್ಲರಿಗೂ ಬುದ್ಧಿ ಕಲಿಸಬೇಕು ಅಂತ ಹೋಗಿದ್ದೆ. ಏಳನೇ ಜಾಗದಲ್ಲಿ ಒಬ್ಬ ಅಜ್ಜಿ ಕೂತಿದ್ದರು, ನಿಜವಾಗಿಯೂ ನಾಟಿ ಕೂಲಿಗೆ ಹೋಗುವವರು. ನಾನು ಎರಡು ಬೀಜಕ್ಕೆ ಕೈ ಹಾಕಿದ ಕೂಡಲೇ, "ಭತ್ತ ಹಾಕೋ ಯಪ್ಪಾ, ನನಗೊಂದು ಕವಡಿ ಬರ್ತದ" ಅಂದರು. ಹಾಕಿದೆ. ಎರಡನೇ ಸುತ್ತಿಗೆ ಅಜ್ಜಿ ಕೇಳಲಿಲ್ಲ. ನಾನೇ ಹಾಕಿದೆ.

ನಡುವೆ ಜಗಳ ಆಗಿ ಹೊಸ ರೂಲ್ ಬಂತು. ಮೂರು ಮನೆ ಭತ್ತ, ಮೂರು ಮನೆ ಜೋಳ, ಸರದಿ ಪ್ರಕಾರ. ಭತ್ತದವರು ಅಜ್ಜಿಗೆ ಒಂದು ಕವಡೆ, ಜೋಳದವರಿಗೆ ಒಂದು ಕವಡೆ ಕೊಡಬೇಕು. ಲೆಕ್ಕ ಹಾಕಿದರೆ ಭತ್ತದವರಿಗೂ 4, ಜೋಳದವರಿಗೂ 4. ಗೇಜ್ ಸರ್ ಕೂಡ ತಲೆ ಆಡಿಸಿದರು. ಒಬ್ಬ ರೈತರು ಮಾತ್ರ, "ಆಟದಾಗ ಜ್ವಾಳಕ್ಕ ಮೂರು ಕವಡಿ ನೀವು ಕೊಟ್ರಿ. ಪ್ಯಾಟ್ಯಾಗ ಯಾರು ಕೊಡ್ತಾರ?" ಅಂದರು. ಅದಕ್ಕೆ ಉತ್ತರ ಕಟ್ಟೆ ಮೇಲೆ ಯಾರ ಹತ್ತಿರವೂ ಇರಲಿಲ್ಲ. ಅಜ್ಜಿಯ ಪ್ರಶ್ನೆಯೂ ಹಾಗೇ ಉಳಿಯಿತು. ಮೊದಲು ನಾಲ್ಕು ಕವಡೆ ಬರುತ್ತಿತ್ತು, ನಿಮ್ಮ ನ್ಯಾಯ ಬಂದ ಮೇಲೆ ಮೂರೇ ಬರುತ್ತದಲ್ಲ ಅಂತ.

ಇನ್ನು ನನ್ನ ವಿಷಯ. ಸರದಿ ಬಂದ ಮೇಲೂ "ಈ ಸಲ ನಾನು ಹಾಕ್ತೀನಿ, ಮುಂದಿನ ಸಲ ಬಿಡ್ತೀನಿ" ಅಂತ ಹೇಳಿ ಐದೂ ಸುತ್ತು ಭತ್ತವೇ ಹಾಕಿದೆ. ಯಾರೂ ಕೈ ಹಿಡಿಯಲಿಲ್ಲ. ಆರನೇ ಮನೆಯವರು ಗುಳೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಕೊನೆಗೆ ಮೇಷ್ಟ್ರ ಪ್ರಶ್ನೆ ಕೇಳಿದರು, ಯಾವಾಗ ಸಿಟ್ಟು ಬಂತು ಅಂತ. ಎಲ್ಲರಿಗೂ ಬಂದಿತ್ತು. ನನಗೆ ಬಂದಿರಲಿಲ್ಲ.

ನನ್ನ ಹಳೇ ಪ್ರಶ್ನೆ ಬಿಟ್ಟಿಲ್ಲ. ಚೀಟಿ ಯಾರ ಕೈಯಲ್ಲಿದೆ ಅಂತ ಈಗಲೂ ಕೇಳುತ್ತೇನೆ. ಸರದಿ ತಪ್ಪಿಸಿದವರಿಗೆ ದಂಡ ಅಂತ ಒಂದು ರೂಲ್ ಹಾಕಿ, ನನ್ನಂಥವರು ಬರುತ್ತಾರೆ. ಮುಂದಿನ ಆಟ ನಮ್ಮೂರಲ್ಲಿ ಇಡಿ. ಸಮುದಾಯ ಭವನದ ಬೀಗದ ಕೈ ನನ್ನ ಹತ್ತಿರ ಇದೆ.


ಸಿಂಧನೂರು ಅಕ್ಕ:

ಅಜ್ಜಿ ನಮ್ಮ ಸಂಘದವರೇ. ದಂಡ ಎಷ್ಟು ಅಂತ ತಾವೇ ತೀರ್ಮಾನ ಮಾಡುತ್ತಾರಂತೆ, ಬರುತ್ತೇನೆ ಅಂದಿದ್ದಾರೆ. ಆದರೆ ನಾಟಿ ಶುರುವಾಗುವ ಮೊದಲೇ ಇಡಿ. ಆಮೇಲೆ ಅವರಿಗೆ ಬಿಡುವಿಲ್ಲ.


ಕಾರಟಗಿ ಕಟ್ಟೆ:

ಆಯಿತು, ಕಾಲುವೆಗೆ ನೀರು ಬಿಡುವ ಮೊದಲಿನ ಭಾನುವಾರ, ಮೈಲ್ 104 ಸರ್ ಊರಲ್ಲಿ. ಹುಣಸೆ ಬೀಜ ಈ ಸಲ ಎಣಿಸಿ ತರುತ್ತೇನೆ. ನಿನ್ನೆ ಗಡಿಗೆ ತೊಳೆಯುವಾಗ ನೋಡಿದರೆ ಎರಡು ಕಮ್ಮಿ ಇದ್ದವು.